ಅಂಕಣದಂಚಿನ ಸಿಟ್ಟು

1985ರ ಫೆಬ್ರುವರಿ 23. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೂ ಅದೇ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೂ ಬ್ಯಾಸ್ಕೆಟ್‌ಬಾಲ್ ಪಂದ್ಯ. ಆಟ ಶುರುವಾಗಿ ಐದು ನಿಮಿಷವೂ ಸರಿಯಾಗಿ ಕಳೆದಿರಲಿಲ್ಲ. ರೆಫ್ರಿಗಳ ತೀರ್ಪಿಗೆ ಕೆರಳಿ ಕೂಗಾಡಿದ ಇಂಡಿಯಾನಾ ಕೋಚ್ ಬಾಬ್ ನೈಟ್ ಮೇಲೆ ಟೆಕ್ನಿಕಲ್ ಫೌಲ್ ಬಿತ್ತು. ಪರ್ಡ್ಯೂ ತಂಡದ ಸ್ಟೀವ್ ರೀಡ್ ಫ್ರೀ ಥ್ರೋಗೆ ಸಿದ್ಧನಾಗುತ್ತಿದ್ದಾಗ ನೈಟ್ ಬೆಂಚಿನ ಬಳಿಯಿದ್ದ ಕುರ್ಚಿಯೊಂದನ್ನು ಎತ್ತಿ ಅಂಕಣಕ್ಕೆ ಬೀಸಿ ಎಸೆದರು. ಅದು ನೆಲದ ಮೇಲೆ ಜಾರುತ್ತ ಆಟಗಾರನ ಮುಂದಿನಿಂದಲೇ ಆಚೆ ಬದಿಗೆ ಹೋಯಿತು. ನೈಟ್ ಹೊರಗೆ ಕಳಿಸಲ್ಪಟ್ಟರು. ಅವರಿಗೆ ಆಮೇಲೆ ಬಿದ್ದ ಅಮಾನತು ಒಂದೇ ಪಂದ್ಯದ್ದು.

ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ಇಂದಿಗೂ ಆ ಕುರ್ಚಿಯನ್ನು ನೆನೆಯುವವರಿದ್ದಾರೆ. ನೆನೆಯುವಾಗ ಹಲವರ ದನಿಯಲ್ಲಿ ಒಂದು ಬಗೆಯ ಮೆಚ್ಚುಗೆಯೂ ಇರುತ್ತದೆ. ಗೆಲ್ಲಬೇಕೆಂಬ ಹಟ, ಆಟದ ಮೇಲಿನ ಪ್ರೀತಿ, ಶಿಷ್ಯರ ಪರ ನಿಲ್ಲುವ ನಿಷ್ಠೆ ಎಲ್ಲವನ್ನೂ ಆ ಒಂದು ಎಸೆತದಲ್ಲಿ ಕಾಣುವ ಪರಂಪರೆಯೊಂದು ಅಲ್ಲಿ ಗಟ್ಟಿಯಾಗಿ ಬೆಳೆದಿದೆ. ಈ ಪರಂಪರೆ ಆಟಕ್ಕೆ ಏನು ಕೊಟ್ಟಿತು, ಯಾರಿಂದ ಏನು ಕಿತ್ತುಕೊಂಡಿತು ಎಂಬುದನ್ನು ಪ್ರಾಮಾಣಿಕವಾಗಿ ತೂಗಿ ನೋಡಬೇಕು.

ಮೊದಲು ಅದಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ನೈಟ್ ಬರಿಯ ಕೂಗುಮಾರಿಯಲ್ಲ. 24ನೇ ವಯಸ್ಸಿನಲ್ಲಿ, 1965ರಲ್ಲಿ, ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಯ ಮುಖ್ಯ ಕೋಚ್ ಆದವರು. 1971ರಲ್ಲಿ ಇಂಡಿಯಾನಾಗೆ ಬಂದು 1976, 1981, 1987ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1976ರ ಅವರ ತಂಡ ಆಡಿದ 32 ಪಂದ್ಯಗಳನ್ನೂ ಗೆದ್ದಿತು. ಆಮೇಲೆ 2025ರವರೆಗೂ ಪುರುಷರ ವಿಭಾಗದಲ್ಲಿ ಯಾವ ತಂಡವೂ ಒಂದೂ ಸೋಲಿಲ್ಲದೆ ಆ ಪ್ರಶಸ್ತಿ ಮುಟ್ಟಿಲ್ಲ. ಒಬ್ಬ ಆಟಗಾರನಿಗಾಗಿ ಕಟ್ಟಿದ ತಂತ್ರವಲ್ಲ ಅವರದು. ಐವರೂ ಸದಾ ಚಲಿಸುತ್ತ, ಒಬ್ಬರಿಗೊಬ್ಬರು ಅಡ್ಡ ನಿಂತು ದಾರಿ ಬಿಡಿಸಿಕೊಡುತ್ತ, ಎದುರಾಳಿಯ ಚಲನೆ ನೋಡಿ ಅಲ್ಲಲ್ಲೇ ನಿರ್ಧರಿಸುವ ‘ಮೋಷನ್ ಅಫೆನ್ಸ್’ ಅವರ ಕೈಯಲ್ಲಿ ಪಕ್ವವಾಯಿತು. ಪ್ರತಿಯೊಬ್ಬನೂ ತನ್ನ ಎದುರಾಳಿಯನ್ನು ನೆರಳಿನಂತೆ ಹಿಂಬಾಲಿಸುವ ರಕ್ಷಣೆ ಅದರ ಇನ್ನೊಂದು ಮುಖ. ಶಿಷ್ಯರು ಓದಿ ಪದವಿ ಪಡೆಯಬೇಕೆಂದು ಅವರು ಪಟ್ಟು ಹಿಡಿದರು. ಆಟಗಾರರನ್ನು ಸೆಳೆಯಲು ಕಳ್ಳದಾರಿಯಲ್ಲಿ ಹಣ ಕೊಡುವ ಚಾಳಿಯಿಂದ ದೂರ ಉಳಿದರು.

ಆದರೆ ಈ ಗೆಲುವುಗಳಲ್ಲಿ ಸಿಟ್ಟಿನ ಪಾಲೆಷ್ಟು? ಪರಂಪರೆ ಎಡವಿದ್ದು ಇಲ್ಲೇ. ನೈಟ್ ಗೆದ್ದದ್ದು ಮೋಷನ್ ಅಫೆನ್ಸ್‌ನಿಂದ, ಕಟ್ಟುನಿಟ್ಟಿನ ರಕ್ಷಣೆಯಿಂದ, ಗಂಟೆಗಟ್ಟಲೆ ನಡೆದ ಅಭ್ಯಾಸದಿಂದ. ಅವನ್ನೆಲ್ಲ ಕಲಿಯಲು ವರ್ಷಗಳು ಬೇಕು. ಕೂಗಾಡುವುದನ್ನು ಒಂದೇ ಸಂಜೆಯಲ್ಲಿ ಕಲಿಯಬಹುದು. ಹಾಗಾಗಿ ನೈಟ್‌ರಿಂದ ವಿದ್ಯೆಗಿಂತ ಬೇಗ ಹರಡಿದ್ದು ಅವರ ವರ್ತನೆ. ಗುರುವಿನ ಜಾಣ್ಮೆಯನ್ನು ಬಿಟ್ಟು ಅವನ ಹುಬ್ಬುಗಂಟನ್ನಷ್ಟೇ ಶಿಷ್ಯ ಹೊತ್ತೊಯ್ದಂತಾಯಿತು.

ಗೆಲ್ಲಲು ಸಿಟ್ಟು ಬೇಕೇಬೇಕು ಎಂಬ ವಾದಕ್ಕೆ ಆ ಆಟದ ಚರಿತ್ರೆಯೇ ಉತ್ತರ ಹೇಳುತ್ತದೆ. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ತಂಡದ ಜಾನ್ ವುಡನ್ 1964ರಿಂದ 1975ರೊಳಗೆ, 12 ವರ್ಷಗಳಲ್ಲಿ, 10 ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರ ಹತ್ತಿರಕ್ಕೂ ಯಾರೂ ಬಂದಿಲ್ಲ. ಪಂದ್ಯದ ವೇಳೆ ಕೈಯಲ್ಲಿ ಸುತ್ತಿ ಹಿಡಿದ ಕಾರ್ಯಕ್ರಮ ಪಟ್ಟಿಯೊಂದಿಗೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವರು ಸಂತರೇನೂ ಆಗಿರಲಿಲ್ಲ. ಆ ಪಟ್ಟಿಯ ಮರೆಯಿಂದಲೇ ರೆಫ್ರಿಗಳನ್ನು ಚುಚ್ಚುತ್ತಿದ್ದರು. ಆದರೆ ಹೊಸದಾಗಿ ಬಂದ ಹುಡುಗರಿಗೆ ಅವರ ಮೊದಲ ಪಾಠ ಕಾಲುಚೀಲವನ್ನು ಸುಕ್ಕಿಲ್ಲದಂತೆ ಹಾಕಿಕೊಳ್ಳುವುದು, ಶೂ ಲೇಸನ್ನು ಸರಿಯಾಗಿ ಕಟ್ಟುವುದು. ಕಾಲಿಗೆ ಬೊಬ್ಬೆ ಬಂದರೆ ಅಭ್ಯಾಸ ತಪ್ಪುತ್ತದೆ, ಅಭ್ಯಾಸ ತಪ್ಪಿದರೆ ಆಟ ಕೆಡುತ್ತದೆ ಎಂಬ ಸರಳ ಲೆಕ್ಕ ಅದು. ಅವರ ಕೊನೆಯ ಋತುವಿನಲ್ಲಿ ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ವೇಳೆ ಕೂತು ಅವರ ಒಂದೊಂದು ಮಾತನ್ನೂ ವರ್ಗೀಕರಿಸಿದರು. ಬೈಗುಳವೂ ಕಡಿಮೆ, ಹೊಗಳಿಕೆಯೂ ಕಡಿಮೆ. ಬಹುಪಾಲು ಮಾತು ಇದನ್ನು ಹೀಗೆ ಮಾಡು, ಇಂಥ ಕಡೆ ನಿಲ್ಲು ಎಂಬ ನೇರ ಪಾಠವೇ ಆಗಿತ್ತು.

ಹಾಗೆಂದು ಸಿಟ್ಟಿಗೆ ಏನೂ ಬೆಲೆಯಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಬ್ಯಾರಿ ಸ್ಟಾ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೈಸ್ಕೂಲು ಹಾಗೂ ಕಾಲೇಜುಗಳ 23 ಬ್ಯಾಸ್ಕೆಟ್‌ಬಾಲ್ ತಂಡಗಳ 304 ವಿರಾಮ ವೇಳೆಯ ಭಾಷಣಗಳನ್ನು ಪರಿಶೀಲಿಸಿತು. ಕೋಚ್ ಅಸಮಾಧಾನ ತೋರಿಸಿದಾಗ ತಂಡ ದ್ವಿತೀಯಾರ್ಧದಲ್ಲಿ ಚೆನ್ನಾಗಿ ಆಡಿತು. ಆದರೆ ಒಂದು ಮಟ್ಟದವರೆಗೆ ಮಾತ್ರ. ಸಿಟ್ಟು ಆ ಮಟ್ಟ ದಾಟಿದ ಮೇಲೆ ಆಟವೂ ಕುಸಿಯಿತು. ಸಾರಿಗೆ ಖಾರ ಬೇಕು, ಖಾರವೇ ಸಾರಾಗದು ಎಂಬುದು ಅಡುಗೆ ಬಲ್ಲ ಯಾರಿಗೂ ಹೊಸ ಮಾತಲ್ಲ.

ಖಾರದ ಹದ ಬಲ್ಲವರ ಸಾಲಿನಲ್ಲಿ ನನಗೆ ಮೊದಲು ನೆನಪಾಗುವವರು ಪ್ಯಾಟ್ ಸಮ್ಮಿಟ್. 1974ರಲ್ಲಿ, 22ನೇ ವಯಸ್ಸಿಗೇ, ಟೆನ್ನೆಸೀ ವಿಶ್ವವಿದ್ಯಾಲಯದ ಮಹಿಳಾ ತಂಡದ ಹೊಣೆ ಹೊತ್ತರು. ತಿಂಗಳಿಗೆ 250 ಡಾಲರ್ ಸಂಬಳ. ತಂಡದ ವ್ಯಾನನ್ನೂ ಅವರೇ ಓಡಿಸಬೇಕು, ಸಮವಸ್ತ್ರವನ್ನೂ ಅವರೇ ಒಗೆಯಬೇಕು. 38 ವರ್ಷಗಳಲ್ಲಿ 1098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಅವರ ನೆಟ್ಟ ನೋಟಕ್ಕೆ ಎಂಥ ಆಟಗಾರ್ತಿಯೂ ಅಳುಕುತ್ತಿದ್ದಳು. ಆದರೆ ಅದೇ ಬಿಗಿ ತರಗತಿಯಲ್ಲೂ ಇತ್ತು: ಆಟಗಾರ್ತಿಯರು ಮೊದಲ ಮೂರು ಸಾಲುಗಳಲ್ಲೇ ಕೂರಬೇಕು, ಪಾಠ ತಪ್ಪಿಸಬಾರದು. ಅವರ ಬಳಿ ಪೂರ್ಣ ಅವಧಿ ಆಡಿದ ಪ್ರತಿಯೊಬ್ಬಳೂ ಪದವಿ ಪಡೆದಳು. ಆ ಸಿಟ್ಟಿನ ಹಿಂದೆ ಲೆಕ್ಕವಿತ್ತು, ಹುಡುಗಿಯ ನಾಳೆಯ ಚಿಂತೆಯಿತ್ತು.

ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಜಾನ್ ಚೇನಿ ಕಥೆ ಇನ್ನೂ ತೊಡಕಿನದು. ಬಡತನದಿಂದ ಬಂದ ಕಪ್ಪು ಹುಡುಗರಿಗೆ ತಂದೆಯ ಸ್ಥಾನದಲ್ಲಿ ನಿಂತವರು. ಬೆಳಗಿನ ಜಾವವೇ ಅಭ್ಯಾಸ ಶುರು ಮಾಡಿಸುತ್ತಿದ್ದರು. ಅದೇ ಚೇನಿ 1994ರಲ್ಲಿ ಎದುರಾಳಿ ಕೋಚ್ ಜಾನ್ ಕ್ಯಾಲಿಪರಿಯ ಪತ್ರಿಕಾಗೋಷ್ಠಿಗೆ ನುಗ್ಗಿ ಕೊಲ್ಲುತ್ತೇನೆಂದು ಗದರಿದರು. ಆಗ ಒಂದು ಪಂದ್ಯದ ಅಮಾನತಿಗೇ ಎಲ್ಲ ಮುಗಿಯಿತು. 2005ರಲ್ಲಿ ರೆಫ್ರಿಗಳ ಮೇಲಿನ ಸಿಟ್ಟಿಗೆ, ಒರಟಾಗಿ ಫೌಲ್ ಮಾಡಲೆಂದೇ ತಮ್ಮ ಆಟಗಾರನೊಬ್ಬನನ್ನು ಕಣಕ್ಕೆ ಇಳಿಸಿದರು. ಸೇಂಟ್ ಜೋಸೆಫ್ಸ್ ತಂಡದ ಜಾನ್ ಬ್ರಯಂಟ್‌ನ ತೋಳು ಮುರಿಯಿತು. ಚೇನಿ ಕ್ಷಮೆ ಕೇಳಿದರು, ತಾವಾಗಿಯೇ ಹಿಂದೆ ಸರಿದರು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ದೊಡ್ಡ ಮನಸ್ಸಿನವರ ಕೋಪವನ್ನೂ ಮೊದಲ ಸಲವೇ ಸಣ್ಣದೆಂದು ಬಿಟ್ಟುಬಿಟ್ಟರೆ ಮುಂದಿನ ಪೆಟ್ಟು ಯಾರೋ ಮೂರನೆಯವರಿಗೆ ಬೀಳುತ್ತದೆ.

ಈ ಪರಂಪರೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪ ಸಿಟ್ಟಿನ ಕಾವಿನ ಕುರಿತದ್ದಲ್ಲ. ಆ ಸಿಟ್ಟು ಹರಿಯುವ ದಿಕ್ಕಿನದು. ನಮ್ಮಲ್ಲೊಂದು ಗಾದೆಯಿದೆ: ಬಡವನ ಕೋಪ ದವಡೆಗೆ ಮೂಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಯಾರೆಂದರೆ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ದಶಕಗಳ ಕಾಲ ಅವನ ಎದುರು ನಿಂತಿದ್ದವನು ಸಂಬಳವಿಲ್ಲದ, ಹತ್ತೊಂಬತ್ತು-ಇಪ್ಪತ್ತರ ಹುಡುಗ. 1973ರಿಂದ ದಶಕಗಳ ಕಾಲ ಅವನ ವಿದ್ಯಾರ್ಥಿವೇತನ ವರ್ಷವರ್ಷವೂ ನವೀಕರಣವಾಗಬೇಕಿತ್ತು, ಆ ಕೀಲಿ ಕೋಚ್ ಕೈಯಲ್ಲಿತ್ತು. ಬೇಸತ್ತು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್ ಕೂಗಿದರೆ ಅದು ಶಿಸ್ತು, ಹುಡುಗ ತಿರುಗಿ ಕೂಗಿದರೆ ಅದು ಉದ್ಧಟತನ. ತಿರುಗಿ ಮಾತಾಡಲಾಗದವನ ಮೇಲೆ ತೋರಿಸುವ ಕೋಪವನ್ನು ಆಟದ ಪ್ರೀತಿ ಎಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

ಇಂಡಿಯಾನಾದಲ್ಲಿ ಇದಕ್ಕೆ ಸಾಕ್ಷಿ ಸಿಕ್ಕಿತು. ಅಭ್ಯಾಸದ ವೇಳೆ ನೈಟ್ ತನ್ನ ಕುತ್ತಿಗೆ ಹಿಡಿದಿದ್ದರು ಎಂದು ನೀಲ್ ರೀಡ್ ಎಂಬ ಆಟಗಾರ ಹೇಳಿದಾಗ ಹಲವರು ನಂಬಲಿಲ್ಲ. ಅವನು ಆಗಲೇ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟುಹೋಗಿದ್ದ. 1997ರ ಆ ಅಭ್ಯಾಸದ ವಿಡಿಯೊ 2000ದಲ್ಲಿ ಟೀವಿಯಲ್ಲಿ ಬಂತು. ವಿಶ್ವವಿದ್ಯಾಲಯದ ಅಧ್ಯಕ್ಷ ಮೈಲ್ಸ್ ಬ್ರ್ಯಾಂಡ್ ಇನ್ನು ಒಂದು ತಪ್ಪನ್ನೂ ಸಹಿಸುವುದಿಲ್ಲ ಎಂದರು. ಅದೇ ಸೆಪ್ಟೆಂಬರಿನಲ್ಲಿ ನೈಟ್‌ರನ್ನು ತೆಗೆದುಹಾಕಿದರು. ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ ನಡೆದದ್ದು ಇನ್ನೂ ಕೆಟ್ಟದು. ಕೋಚ್ ಮೈಕ್ ರೈಸ್ ಆಟಗಾರರನ್ನು ತಳ್ಳುವ, ಚೆಂಡು ಬೀಸಿ ಹೊಡೆಯುವ, ಹೀನ ಮಾತಾಡುವ ದೃಶ್ಯಗಳನ್ನು ಆಡಳಿತ 2012ರಲ್ಲೇ ನೋಡಿ, ಮೂರು ಪಂದ್ಯಗಳ ಅಮಾನತು ಮತ್ತು ದಂಡಕ್ಕೆ ಮುಗಿಸಿತ್ತು. 2013ರ ಏಪ್ರಿಲ್‌ನಲ್ಲಿ ಟೀವಿಯಲ್ಲಿ ದೇಶವೇ ಅದನ್ನು ನೋಡಿದ ಮೇಲಷ್ಟೇ ರೈಸ್ ಕೆಲಸ ಹೋಯಿತು. ಎರಡು ಕಡೆಯೂ ಹುಡುಗರ ನೋವಿಗೆ ಬೆಲೆ ಬಂದದ್ದು ಕ್ಯಾಮೆರಾ ಸಾಕ್ಷಿ ಹೇಳಿದ ಮೇಲೆ.

ಬೈಸಿಕೊಂಡ ಶಿಷ್ಯರೇ ಮುಂದೆ ಕೃತಜ್ಞತೆ ಹೇಳುತ್ತಾರಲ್ಲ ಎಂದು ಕೇಳುವವರಿದ್ದಾರೆ. ನಿಜ, ಹೇಳುತ್ತಾರೆ. 2019ರ ರಾಷ್ಟ್ರೀಯ ಟೂರ್ನಿಯಲ್ಲಿ ಮಿಷಿಗನ್ ಸ್ಟೇಟ್ ಕೋಚ್ ಟಾಮ್ ಇಝೋ ತಮ್ಮ ಆಟಗಾರ ಏರನ್ ಹೆನ್ರಿ ಮೇಲೆ ಎರಗಿದಾಗ ಸಹ ಆಟಗಾರರೇ ನಡುವೆ ಬಂದು ತಡೆದರು. ಆಮೇಲೆ ಹೆನ್ರಿಯೇ ಕೋಚ್ ಪರ ಮಾತಾಡಿದ. ಅವನ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ತಂಡದಲ್ಲೇ ಉಳಿದವರ ಮಾತಷ್ಟೇ ಕೇಳಿದರೆ ಲೆಕ್ಕ ಅರ್ಧವಾಗುತ್ತದೆ. ಉಳಿಪೆಟ್ಟಿಗೆ ಮೂರ್ತಿಯಾದ ಕಲ್ಲನ್ನು ತೋರಿಸುವವರು ಒಡೆದುಹೋದ ಕಲ್ಲುಗಳನ್ನೂ ಎಣಿಸಬೇಕು.

2021ರಲ್ಲಿ ಎರಡು ಬದಲಾವಣೆ ಬಂದವು. ಒಮ್ಮೆ ವಿಶ್ವವಿದ್ಯಾಲಯ ಬದಲಿಸಿದವನು ವರ್ಷ ಕಾಯಬೇಕೆಂಬ ನಿಯಮ ಹೋಯಿತು; ತನ್ನ ಹೆಸರು, ಮುಖಗಳಿಂದ ಹಣ ಗಳಿಸುವ ಹಕ್ಕು ಆಟಗಾರನಿಗೆ ಬಂತು. ಬಾಗಿಲು ತೆರೆದಿರುವಾಗ ಬೈಗುಳಕ್ಕೂ ವಿವರಣೆ ಕೊಡಬೇಕಾಗುತ್ತದೆ. 2023, 2024ರಲ್ಲಿ ಸತತ ಎರಡು ಪ್ರಶಸ್ತಿ ಗೆದ್ದ ಕನೆಕ್ಟಿಕಟ್‌ನ ಡ್ಯಾನ್ ಹರ್ಲಿ ಅಂಚಿನಲ್ಲಿ ಕುದಿಯುವ ಕೋಚ್. ಬೆಂಕಿ ಆರಿಲ್ಲ. ಆದರೆ ಇಂದು ಅವರ ಬಳಿ ಉಳಿಯುವ ಹುಡುಗ ಹೋಗುವ ದಾರಿಯಿದ್ದೂ ಉಳಿದವನು. ಆ ವ್ಯತ್ಯಾಸವೇ ಗುರುವಿನ ಕಾಠಿಣ್ಯವನ್ನು ಒಡೆಯನ ದರ್ಪದಿಂದ ಬೇರೆ ಮಾಡುತ್ತದೆ.

ನನ್ನ ತೀರ್ಪು ಇಷ್ಟು. ಕೋಚ್ ಕಠಿಣನಾಗಿರಲಿ, ದನಿ ಏರಿಸಲಿ, ಸೋಮಾರಿತನವನ್ನು ಸಹಿಸದಿರಲಿ. ಆದರೆ ಅವನ ಸಿಟ್ಟು ಹುಡುಗನಿಗೆ ಏನಾದರೂ ಕಲಿಸಬೇಕು, ಕೈ ಅವನ ಮೈಗೆ ತಾಗಬಾರದು, ಮತ್ತು ಅವನಿಗೆ ಎದ್ದು ಹೋಗುವ ಸ್ವಾತಂತ್ರ್ಯವಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ತರಬೇತಿಯಲ್ಲ. ನೈಟ್‌ರ ಮೋಷನ್ ಅಫೆನ್ಸ್ ಅನ್ನು ಕಲಿಯೋಣ, ಕುರ್ಚಿಯನ್ನು ಅಲ್ಲೇ ಬಿಡೋಣ. ಕುರ್ಚಿ ಹಾರಿದ ಆ ದಿನ ಇಂಡಿಯಾನಾ ತನ್ನದೇ ಅಂಕಣದಲ್ಲಿ ಪರ್ಡ್ಯೂಗೆ 72–63ರಿಂದ ಸೋತಿತು.