ಕಳೆಯುವ ಲೆಕ್ಕದ ಪುಟ

ಮನೆಯಲ್ಲೇ ಓದುವ ಮಗುವಿಗೆ ಗಣಿತದ ಪುಸ್ತಕ ಆರಿಸುವವರು ಮುಖಪುಟ, ಬಣ್ಣ, ಬೆಲೆ ಯಾವುದನ್ನೂ ನೋಡಬೇಕಾಗಿಲ್ಲ. ದಶಕ ಬಿಚ್ಚಿ ಕಳೆಯುವ ಲೆಕ್ಕ ಎಲ್ಲಿ ಶುರುವಾಗುತ್ತದೋ ಆ ಪುಟ ತೆರೆದರೆ ಸಾಕು. ಪುಸ್ತಕ ಬರೆದವರು ಮಕ್ಕಳ ಪಕ್ಕದಲ್ಲಿ ಕೂತು ಲೆಕ್ಕ ಮಾಡಿಸಿದವರೋ ಅಲ್ಲವೋ ಎಂಬುದು ಅಲ್ಲೇ ತಿಳಿದುಹೋಗುತ್ತದೆ. ಪ್ರಾಥಮಿಕ ಶಾಲೆಯ ಗಣಿತ ಪುಸ್ತಕಗಳನ್ನು ಕಂಡಲ್ಲೆಲ್ಲ ಕೊಂಡು ಓದುವ ಅಭ್ಯಾಸ ನನಗಿದೆ. ಕೈಗೆ ಬಂದ ಪುಸ್ತಕದಲ್ಲಿ ನಾನು ಮೊದಲು ಹುಡುಕುವುದು ಆ ಪುಟವನ್ನೇ.

52ರಲ್ಲಿ 27 ಕಳೆಯಬೇಕು ಅನ್ನಿ. ಎಷ್ಟೋ ಪುಸ್ತಕಗಳು ನೇರ ಅಪ್ಪಣೆ ಕೊಡುತ್ತವೆ: 2ರಲ್ಲಿ 7 ಹೋಗುವುದಿಲ್ಲ, ಪಕ್ಕದಿಂದ ಸಾಲ ತಗೋ, 5 ಹೊಡೆದು 4 ಬರೆ. ಕೆಳಗೆ ಅದೇ ಥರದ ಲೆಕ್ಕಗಳ ಸಾಲು. ಮಗು ನಾಲ್ಕು ದಿನ ಸರಿಯಾಗಿಯೇ ಮಾಡುತ್ತದೆ. ಆಮೇಲೆ ಒಂದು ದಿನ ಉತ್ತರ 35 ಎಂದು ಬರೆಯುತ್ತದೆ. ‘ಗಮನವೇ ಇಲ್ಲ ನಿನಗೆ’ ಎಂದು ಗದರಿಸುವ ಮುನ್ನ ಆ 35 ಎಲ್ಲಿಂದ ಬಂತು ನೋಡಿ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಹಿಂದಿನ ವರ್ಷ ನಾವೇ ಹೇಳಿಕೊಟ್ಟಿದ್ದೆವು. ಮಗು ಅದನ್ನು ನಂಬಿ 7ರಲ್ಲಿ 2 ಕಳೆದಿದೆ.

ಒಳ್ಳೆಯ ಪುಸ್ತಕ ಇದೇ ಲೆಕ್ಕವನ್ನು ಕಡ್ಡಿಗಳಿಂದ ಶುರು ಮಾಡುತ್ತದೆ. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಸುತ್ತಿದ ಐದು ಕಟ್ಟು, ಎರಡು ಬಿಡಿ ಕಡ್ಡಿ. ‘ಇಪ್ಪತ್ತೇಳು ಕೊಡು’ ಅಂದರೆ ಮಗು ಬಿಡಿ ಕಡ್ಡಿ ನೋಡುತ್ತದೆ, ನಮ್ಮ ಮುಖ ನೋಡುತ್ತದೆ, ಆಮೇಲೆ ತಾನಾಗಿಯೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಬಿಡಿ, ಎರಡು ಕಟ್ಟು ಕೊಟ್ಟರೆ ಕೈಯಲ್ಲಿ ಉಳಿದದ್ದು 25. ಇದು ರೂಢಿಯಾದ ಮೇಲೆ ಪಾಟಿಯಲ್ಲಿ ಕಟ್ಟಿಗೊಂದು ಗೀಟು, ಬಿಡಿಗೊಂದು ಚುಕ್ಕೆ. ಅಂಕಿ ಬರುವುದು ಅದಕ್ಕೂ ಆಮೇಲೆ. ಮೊದಲು ಕೈ, ಆಮೇಲೆ ಚಿತ್ರ, ಕೊನೆಗೆ ಅಂಕಿ: ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದ ಕ್ರಮ ಇದು. ಲೋಕದ ತುಂಬ ಹೆಸರಾದ ಸಿಂಗಪುರದ ಗಣಿತವೂ ಇದರ ಮೇಲೇ ನಿಂತಿದೆ.

ಹೊಸಪೇಟೆ ಹತ್ತಿರದ ಪಾಪಿನಾಯಕನಹಳ್ಳಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಎಂಟು ವರ್ಷದ ಮಗನಿಗೆ ಮನೆಯಲ್ಲೇ ಪಾಠ. ‘ಮಗ್ಗಿ ಎಲ್ಲಾ ಬರ್ತಾವ್ರಿ ಸರ್, ಕಳಿಯೋ ಲೆಕ್ಕ ಅಂದ್ರ ಅಳಾಕ ಕುಂದರ್ತಾನ. ಸಿಂಗಪುರದ್ದು ಒಂದು ಸೆಟ್ ಐತಂತ, ಅದನ್ನ ತರಸ್ಲೇನ್ರಿ?’ ಎಂದು ಕೇಳಿದರು. ಆ ಪುಸ್ತಕಗಳು ನಿಜಕ್ಕೂ ಚೆಂದ. ಮಾತಿನ ಲೆಕ್ಕವನ್ನು ಉದ್ದನೆಯ ಪಟ್ಟಿಯಾಗಿ ಬರೆದು ತೋರಿಸುವ ರೀತಿ ನನಗೆ ಬಹಳ ಇಷ್ಟ. ಆದರೆ ಕನ್ನಡದಲ್ಲಿ ಯೋಚಿಸುವ ಮಗುವಿಗೆ ಮೊದಲ ವರ್ಷಗಳಲ್ಲಿ ಲೆಕ್ಕದ ಜೊತೆಗೆ ಇಂಗ್ಲಿಷಿನ ಭಾರವನ್ನೂ ಹೊರಿಸಬಾರದು. ಜಪಾನಿನಲ್ಲಿ 1958ರಲ್ಲಿ ಶುರುವಾದ ಕುಮಾನ್ ಥರದ ಹಾಳೆಗಳನ್ನೂ ಈ ಹುಡುಗನಿಗೆ ಕೊಡಲಾರೆ. ಅವು ವೇಗ ಕೊಡುತ್ತವೆ. ಇವನಿಗೆ ಈಗ ಬೇಕಾದದ್ದು ವೇಗವಲ್ಲ.

ನಮ್ಮಲ್ಲೇ ಇರುವುದನ್ನು ಮೊದಲು ನೋಡೋಣ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿಕಲಿ, ಮನೆಪಾಠಕ್ಕೆಂದೇ ಮಾಡಿದಂತಿದೆ. ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟರುಗಳು ಕಟ್ಟಿದ ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲೇ ಮೆಟ್ಟಿಲು ಹತ್ತುತ್ತದೆ, ಒಂದು ಮೈಲಿಗಲ್ಲು ದಾಟಿದ ಮೇಲೇ ಮುಂದಿನದು. ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಸರ್ಕಾರಿ ಶಾಲೆಗಳಲ್ಲಿ ಸಿಗುತ್ತದೆ. ಮಣಿಕಟ್ಟು, ತಕ್ಕಡಿ, ಗಡಿಯಾರ, ಭಿನ್ನರಾಶಿಯ ಪಟ್ಟಿ, ಆಟದ ನೋಟು ಎಲ್ಲ ಅದರಲ್ಲಿವೆ. ಊರಿನ ಶಾಲೆಯ ಮೇಷ್ಟರನ್ನು ಕೇಳಿ ಒಮ್ಮೆ ನೋಡಿ ಬಂದರೆ ಅರ್ಧದಷ್ಟನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಅದೇ ಸಂಸ್ಥೆಯ ‘ಬಿಲ್ಡಿಂಗ್ ಬ್ಲಾಕ್ಸ್’ ಆ್ಯಪ್ ಕನ್ನಡದಲ್ಲೂ ಇದೆ, ದುಡ್ಡಿಲ್ಲ.

ಇನ್ನು ಆ ತಾಯಿಯ ಊರಿಗೇ ಒದಗಿದ ಪಾಠವೊಂದಿದೆ. ತುಂಗಭದ್ರಾ ಜಲಾಶಯದ ನೀರಿನ ಮಟ್ಟ ಮಳೆಗಾಲದಲ್ಲಿ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಗರಿಷ್ಠ ಮಟ್ಟ 1,633 ಅಡಿ. ಇವತ್ತಿನ ಮಟ್ಟ 1,598 ಅಡಿ ಎಂದಿದ್ದರೆ ತುಂಬಲು ಇನ್ನೆಷ್ಟು ಅಡಿ ಬೇಕು? ಬರೆದು ಕಳೆದರೆ ಎರಡು ಮನೆಯಲ್ಲಿ ಸಾಲ ತರಬೇಕು, ದೊಡ್ಡವರೂ ತಡವರಿಸುತ್ತಾರೆ. ಕಡ್ಡಿ ಕಟ್ಟಿ ಬಿಚ್ಚಿ ಸಂಖ್ಯೆಯ ಸಲುಗೆ ಬೆಳೆಸಿಕೊಂಡ ಮಗು ಪೆನ್ಸಿಲ್ ಮುಟ್ಟುವುದೇ ಇಲ್ಲ. 1,598ರಿಂದ 1,600ಕ್ಕೆ ಎರಡು, ಅಲ್ಲಿಂದ ಮೂವತ್ಮೂರು, ಒಟ್ಟು ಮೂವತ್ತೈದು ಎನ್ನುತ್ತದೆ. ನಾನು ಹುಡುಕುವ ಗಣಿತ ಇದು. ಈ ದಾರಿಯನ್ನು ಮಗುವಿಗೆ ಬಿಟ್ಟುಕೊಡುವ ಪುಸ್ತಕ ಒಳ್ಳೆಯದು. ‘ವಿಧಾನ ತಪ್ಪು’ ಎಂದು ಕೆಂಪು ಗೀಟು ಎಳೆಸುವ ಪುಸ್ತಕ ನನಗೆ ಬೇಡ. ಅದೇ ಜಲಾಶಯದ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟು. 2024ರ ಆಗಸ್ಟಿನಲ್ಲಿ 19ನೆಯದು ಕೊಚ್ಚಿಹೋದದ್ದು ಆ ಭಾಗದ ಮಕ್ಕಳಿಗೆಲ್ಲ ಗೊತ್ತು. ಅದರ ಆಚೆಗೆಷ್ಟು, ಈಚೆಗೆಷ್ಟು ಎಂದು ಕೇಳಿ ನೋಡಿ.

ಹಂಪಿಯೂ ಪಕ್ಕದಲ್ಲೇ ಇದೆ. ಗಜಶಾಲೆಯಲ್ಲಿ 11 ಗುಮ್ಮಟದ ಕೋಣೆ, ನಡುವೆ ಒಂದು, ಆ ಕಡೆ ಐದು, ಈ ಕಡೆ ಐದು. ಸಮಮಿತಿಗೆ ಬೇರೆ ಚಿತ್ರ ಬೇಕಿಲ್ಲ. ರಾಜರ ಆವರಣದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂಬ ಗುರುತುಗಳಿವೆ. ಅಂಕಿಯ ಬೆಲೆ ಅದು ಕೂತ ಸ್ಥಾನದಿಂದ ಬರುತ್ತದೆ ಎಂದು ಹೇಳಿಕೊಡುವವರು ಮಗುವನ್ನು ಆ ಮೆಟ್ಟಿಲುಗಳ ಹತ್ತಿರ ನಿಲ್ಲಿಸಿ ಮಾತು ಶುರು ಮಾಡಬಹುದು.

ಮಗ್ಗಿ ಬೇಡ ಎನ್ನುವವರ ಜೊತೆ ನಾನಿಲ್ಲ. ಇಪ್ಪತ್ತರವರೆಗೆ ಬಾಯಿಗೆ ಬರಲಿ, ಕಾಲು, ಅರೆ, ಮುಕ್ಕಾಲು ಮಗ್ಗಿಯೂ ಬರಲಿ. ಭಿನ್ನರಾಶಿಗೆ ಬಂದಾಗ ಅದರ ಉಪಕಾರ ತಿಳಿಯುತ್ತದೆ.

ಆ ತಾಯಿಗೆ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ರಾಜ್ಯದ ಮೂರನೇ ತರಗತಿಯ ಕನ್ನಡ ಗಣಿತ ಪುಸ್ತಕವೇ ಆಧಾರವಾಗಿರಲಿ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಾಳೆ ಹುಡುಗ ಶಾಲೆಗೆ ಹೋಗಬೇಕೆಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಆಗ ಪಾಠ ಹೊಂದಿಕೊಂಡಿದ್ದರೆ ಅವನಿಗೇ ಸುಲಭ. ಜೊತೆಗೆ 2024ರಲ್ಲಿ ಬಂದ ಎನ್‌ಸಿಇಆರ್‌ಟಿಯ ‘ಮ್ಯಾಥ್ಸ್ ಮೇಳ’ವನ್ನು ನೀವು ಓದಿಕೊಂಡು ಕನ್ನಡದಲ್ಲಿ ಆಡಿಸಿ. ಒಂದು ತಿಂಗಳು ಅಂಕಿ ಬರೆಸಬೇಡಿ, ಕಡ್ಡಿ ಕಟ್ಟಿಸಿ, ಬಿಚ್ಚಿಸಿ. ಸಿಂಗಪುರದ ಸೆಟ್ ಸದ್ಯಕ್ಕೆ ತರಿಸುವುದು ಬೇಡ. ಅವನು ಐದನೇ ತರಗತಿಯ ಲೆಕ್ಕಕ್ಕೆ ಬಂದಾಗ ಮತ್ತೆ ಫೋನ್ ಮಾಡಿ.