ಮರಣಶಾಸನಗಳು ಮತ್ತು ವಂಶಾವಳಿ: ಒಂದು ಆಕರವಿಮರ್ಶೆ

ಹಸ್ತಪ್ರತಿಯ ಕೊನೆಯಲ್ಲಿ ಬರುವ ದಾನಪ್ರಶಸ್ತಿಯನ್ನು ಓದುವಾಗ ಬರೆಸಿದವರು ಯಾರು, ಬರೆದವರು ಯಾರು, ಏತಕ್ಕಾಗಿ ಬರೆಸಿದರು ಎಂಬ ಮೂರು ಪ್ರಶ್ನೆಗಳನ್ನು ವಿದ್ವಾಂಸರು ತಪ್ಪದೆ ಕೇಳುತ್ತಾರೆ. ಮನೆತನಗಳ ಇತಿಹಾಸವನ್ನು ರಚಿಸುವವರು ಮರಣಶಾಸನ, ಅಂದರೆ ಉಯಿಲನ್ನು ಆಕರವಾಗಿ ಬಳಸುವಾಗ ಈ ಎಚ್ಚರವನ್ನು ಮರೆಯುವುದುಂಟು. ಉಯಿಲಿನಲ್ಲಿ ಹೆಸರಿದ್ದವರೇ ವಂಶಸ್ಥರು, ಇಲ್ಲದವರು ಹೊರಗಿನವರು ಎಂದು ಭಾವಿಸಿ ವಂಶವೃಕ್ಷವನ್ನು ಬರೆದರೆ ಎಷ್ಟು ಪ್ರಮಾದವಾಗುವುದೆಂಬುದಕ್ಕೆ ದಕ್ಷಿಣ ಕನ್ನಡ ಜಿಲ್ಲೆಯ ಜೈನ ಮನೆತನಗಳೇ ಸಾಕ್ಷಿ.

ಅಲ್ಲಿಯ ಜೈನರಲ್ಲಿ ಇಂದ್ರರದು ಮಕ್ಕಳಕಟ್ಟು. ಶ್ರಾವಕ ಮನೆತನಗಳಲ್ಲಿ ಬಹುವಾಗಿ ನಡೆದುಬಂದುದು ಅಳಿಯಕಟ್ಟು. ಅಳಿಯಸಂತಾನದ ರೂಢಿಯಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗುತ್ತದೆ. ಪುರುಷನೊಬ್ಬನ ಹೆಂಡತಿ ಮಕ್ಕಳು ಬೇರೊಂದು ಕುಟುಂಬಕ್ಕೆ ಸೇರಿದವರು. 1949ರ ಮದರಾಸು ಅಳಿಯಸಂತಾನ ಕಾಯಿದೆಗೆ ಮುನ್ನ, ಅವನು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತವೂ ಕುಟುಂಬಕ್ಕೇ ಸಲ್ಲುತ್ತಿತ್ತು.

ಈ ಕಟ್ಟಿಗೆ ಒಳಪಟ್ಟವರ ಉಯಿಲು ಬರೆಯುವ ಅಧಿಕಾರವನ್ನು ಮದರಾಸು ಸರ್ಕಾರದ 1898ರ ಮಲಬಾರ್ ಉಯಿಲುಗಳ ಕಾಯಿದೆ ಸ್ಪಷ್ಟಪಡಿಸಿತು. ಹೀಗಿದ್ದರೂ ಕುಟುಂಬದ ಅವಿಭಕ್ತ ಆಸ್ತಿಯಲ್ಲಿದ್ದ ತನ್ನ ಹಕ್ಕನ್ನು ಉಯಿಲಿನಿಂದ ಕೊಡುವ ಅವಕಾಶ ಬಂದುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಅದಕ್ಕೆ ಮುಂಚಿನ ಉಯಿಲು ಮಾತನಾಡುವುದು ಸ್ವಯಾರ್ಜಿತವನ್ನು ಕುರಿತು ಮಾತ್ರ. ರೂಢಿಯಿಂದ ತಾನಾಗಿ ಸಲ್ಲುವುದಕ್ಕೆ ಉಯಿಲು ಬೇಕಿಲ್ಲ. ಸಲ್ಲದುದನ್ನು ಸಲ್ಲಿಸುವುದಕ್ಕಾಗಿಯೇ ಅದನ್ನು ಬರೆಯುವುದು. ಆದುದರಿಂದ ಹೆಂಡತಿ ಮಕ್ಕಳ ಹೆಸರು ಮಾತ್ರ ಇರುವ ಉಯಿಲನ್ನು ಕಂಡು ಆ ಮನೆತನ ಮಕ್ಕಳಕಟ್ಟಿನದೆಂದು ನಿರ್ಣಯಿಸುವುದು ಯುಕ್ತವಲ್ಲ. ಅಕ್ಕತಂಗಿಯರ, ಅಳಿಯಂದಿರ ವಿಷಯದಲ್ಲಿ ಉಯಿಲು ಮೌನವಾಗಿದೆಯೆಂದರೆ ಅವರು ಇರಲಿಲ್ಲವೆಂದು ಅರ್ಥವಲ್ಲ. ಅವರ ಹಕ್ಕು ಬರವಣಿಗೆಯನ್ನು ಬೇಡುತ್ತಿರಲಿಲ್ಲ.

ಇನ್ನು ದಾಖಲೆಗಳನ್ನು ಅರಸುವ ಕ್ರಮ. ನ್ಯಾಯಾಲಯದಲ್ಲಿ ಪ್ರೊಬೇಟ್ ದೊರೆಯಲಿಲ್ಲವೆಂದು ಉಯಿಲೇ ಇರಲಿಲ್ಲವೆನ್ನುವುದು ಅವಸರದ ಮಾತು. 1870ರ ಹಿಂದೂ ಉಯಿಲುಗಳ ಕಾಯಿದೆ ಜೈನರನ್ನೂ ಒಳಗೊಂಡಿತ್ತಾದರೂ ಅದರ ವ್ಯಾಪ್ತಿ ಬಂಗಾಳ ಪ್ರಾಂತಕ್ಕೆ, ಮದರಾಸು ಮತ್ತು ಮುಂಬಯಿ ನಗರಗಳಿಗೆ, ಅಲ್ಲಿಯ ಸ್ಥಿರಾಸ್ತಿಗೆ ಸೀಮಿತವಾಗಿತ್ತು. ಮಂಗಳೂರು, ಕಾರ್ಕಳಗಳು ಆ ಎಲ್ಲೆಯ ಹೊರಗಿದ್ದುವು. ಮುಂಬಯಿಯಲ್ಲಿ ಅಂಗಡಿಯೋ ಮನೆಯೋ ಇದ್ದ ವರ್ತಕನ ಉಯಿಲನ್ನು ಅಲ್ಲಿಯ ಉಚ್ಚ ನ್ಯಾಯಾಲಯದ ದಾಖಲೆಗಳಲ್ಲಿ ಹುಡುಕುವುದು ಸಾರ್ಥಕ. ಊರಿನಲ್ಲೇ ಆಸ್ತಿಯಿದ್ದವನ ಉಯಿಲನ್ನು ನೋಂದಣಿ ಕಚೇರಿಯಲ್ಲಿ ಮೊದಲು ನೋಡತಕ್ಕದ್ದು. 1908ರ ನೋಂದಣಿ ಕಾಯಿದೆಯ ಮೇರೆಗೆ ಉಯಿಲುಗಳು 3ನೆಯ ಪುಸ್ತಕದಲ್ಲಿ ದಾಖಲಾಗುತ್ತವೆ. ಬರೆದವರು ತೀರಿಕೊಂಡ ಮೇಲೆ ಅರ್ಜಿ ಸಲ್ಲಿಸಿದ ಯಾರಿಗಾದರೂ ಅದರ ನಕಲು ದೊರೆಯುತ್ತದೆ. ಆದರೆ ಉಯಿಲಿನ ನೋಂದಣಿ ಐಚ್ಛಿಕವಾದುದರಿಂದ ಇಲ್ಲಿಯೂ ಅಭಾವವು ಪ್ರಮಾಣವಾಗದು.

ಉಯಿಲನ್ನೇ ಅರಸುವವರು ಕಡೆಗಣಿಸುವ ಇನ್ನೊಂದು ಆಕರವುಂಟು. ಉಯಿಲಿಲ್ಲದೆ ಮೃತನಾದವನ ಆಸ್ತಿಯ ಆಡಳಿತಪತ್ರಕ್ಕಾಗಿ ಸಲ್ಲಿಸುವ ಅರ್ಜಿಯಲ್ಲಿ ಮೃತನ ಕುಟುಂಬದವರನ್ನೂ ಇತರ ಬಂಧುಗಳನ್ನೂ ಅವರ ವಾಸಸ್ಥಳಗಳನ್ನೂ ತಿಳಿಸಬೇಕೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ವಿಧಿಸುತ್ತದೆ. ಪ್ರೊಬೇಟಿನ ಅರ್ಜಿಗೆ ಈ ವಿಧಿ ಇಲ್ಲ. ವಂಶಾವಳಿಯ ದೃಷ್ಟಿಯಿಂದ ಕೆಲವೊಮ್ಮೆ ಉಯಿಲಿಗಿಂತ ಉಯಿಲಿಲ್ಲದವನ ಕಡತವೇ ಹೆಚ್ಚು ಸಂಪನ್ನ.

ನೋಂದಣಿ ಪುಸ್ತಕದಲ್ಲಿರುವುದು ಗುಮಾಸ್ತೆ ಎತ್ತಿ ಬರೆದ ಪ್ರತಿ; ಪ್ರೊಬೇಟ್ ಆದಲ್ಲಿ ಮೂಲ ಉಯಿಲು ನ್ಯಾಯಾಲಯದ ಕಡತದಲ್ಲಿರತಕ್ಕದ್ದು. ಎರಡೂ ದೊರೆತಲ್ಲಿ, ಓಲೆಪ್ರತಿಗಳನ್ನು ಹೋಲಿಸುವಂತೆ, ಬಿರುದು, ಮನೆಯ ಹೆಸರು, ಬಂಧುತ್ವದ ಪದ ಇವುಗಳ ಪಾಠಾಂತರಗಳನ್ನು ಗುರುತಿಸಬೇಕು. ‘ಅಳಿಯ’ ಎಂಬ ಒಂದೇ ಮಾತು ಸೋದರಿಯ ಮಗನನ್ನೂ ಮಗಳ ಗಂಡನನ್ನೂ ಸೂಚಿಸಬಲ್ಲದಾದುದರಿಂದ ಪಾಲುಪತ್ರ, ದಾನಪ್ರಶಸ್ತಿ, ನಿಸಿದಿಗಳ ನೆರವಿಲ್ಲದೆ ಅರ್ಥ ನಿಶ್ಚಯವಾಗದು.

ಹಸ್ತಪ್ರತಿಗಳ ಇತಿಹಾಸಕ್ಕೂ ಈ ವಿವೇಚನೆ ಅವಶ್ಯ. ಬೀಡಿನ ಬಸದಿಯ ಉಪಕರಣಗಳೂ ಓಲೆಯ ಕಟ್ಟುಗಳೂ ಕುಟುಂಬದ ಸೊತ್ತಾಗಿದ್ದಲ್ಲಿ ಯಜಮಾನನ ಉಯಿಲಿನಲ್ಲಿ ಅವು ಕಾಣಿಸಬೇಕಾಗಿಲ್ಲ. ಉಯಿಲಿನಲ್ಲಿ ಗ್ರಂಥಗಳ ಹೆಸರಿಲ್ಲವೆಂದು ಆ ಮನೆಯಲ್ಲಿ ಗ್ರಂಥಗಳೇ ಇರಲಿಲ್ಲವೆಂದು ಬರೆದರೆ, ಒಂದು ಭಂಡಾರವನ್ನೇ ಇತಿಹಾಸದಿಂದ ಅಳಿಸಿದಂತಾದೀತು.