‘ಕಿನ್ಸ್‌ಮೆನ್’: ಎರಡು ಸ್ಯಾಕ್ಸೊಫೋನುಗಳ ಬಾಂಧವ್ಯ

ಎರಡು ಸಂಗೀತ ಪದ್ಧತಿಗಳು ಒಂದೆಡೆ ಸೇರಿದೊಡನೆ ಅದನ್ನು ‘ಸಂಗಮ’ವೆಂದು ಕೊಂಡಾಡುವುದು ಈಚಿನ ವಾಡಿಕೆಯಾಗಿದೆ. ಆದರೆ ಸಂಗಮದಲ್ಲಿ ನದಿಗಳು ತಮ್ಮ ತಮ್ಮ ರೂಪವನ್ನು ಕಳೆದುಕೊಳ್ಳುತ್ತವೆ. ಕೂಡಲಿಯನ್ನು ದಾಟಿ ಹರಿಹರದ ಬಳಿ ಹರಿಯುವ ನೀರಿನಲ್ಲಿ ತುಂಗೆ ಯಾವುದು, ಭದ್ರೆ ಯಾವುದು ಎಂದು ಯಾರೂ ಹೇಳಲಾರರು. ಅದೇ ಹರಿಹರದಲ್ಲಿ ಐಕ್ಯದ ಇನ್ನೊಂದು ಮಾದರಿಯೂ ಇದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ.ಶ. 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ವಿಗ್ರಹ ಒಂದೇ, ಲಾಂಛನಗಳು ಮಾತ್ರ ಎರಡು ಬಗೆ. ಸಂಗೀತದಲ್ಲಿ ಈ ಎರಡನೆಯ ಮಾದರಿ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರವಾಗಬಲ್ಲ ಧ್ವನಿಮುದ್ರಿಕೆಯೊಂದನ್ನು ಇಲ್ಲಿ ಪರಿಶೀಲಿಸಲಾಗಿದೆ.

‘ಕಿನ್ಸ್‌ಮೆನ್’ ಅಂದರೆ ‘ಬಂಧುಗಳು’ ಎಂಬ ಹೆಸರಿನ ಈ ಮುದ್ರಿಕೆ 2008ರಲ್ಲಿ ಅಮೆರಿಕದ ಪೈ ರೆಕಾರ್ಡಿಂಗ್ಸ್ ಸಂಸ್ಥೆಯಿಂದ ಹೊರಬಂದಿತು. ಇದರಲ್ಲಿ ಪ್ರಧಾನರು ಇಬ್ಬರು: ಹಿರಿಯ ವಿದ್ವಾಂಸ ಕದ್ರಿ ಗೋಪಾಲನಾಥರು ಮತ್ತು ಜಾಸ್ ವಾದಕ ರುದ್ರೇಶ ಮಹಾಂತಪ್ಪನವರು. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಇವರೊಡನೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರ್, ಕಾರ್ಲೊ ಡಿ ರೋಸಾ ಅವರ ಬಾಸ್ ಮತ್ತು ರಾಯಲ್ ಹಾರ್ಟಿಗನ್ ಅವರ ಡ್ರಮ್ ಕೂಡಿವೆ.

ಈ ವಾದ್ಯದ ಪೂರ್ವಕಥೆಯನ್ನು ಸ್ವಲ್ಪ ತಿಳಿಯಬೇಕು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಇದಕ್ಕೆ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದನು. ಸೈನ್ಯದ ವಾದ್ಯಮೇಳಗಳ ಮೂಲಕ ಹರಡಿದ ಇದನ್ನು ಅಮೆರಿಕದಲ್ಲಿ ಕರಿಯ ಜನಾಂಗದ ಕಲಾವಿದರು ಜಾಸ್ ಸಂಗೀತದ ಮುಖ್ಯ ಧ್ವನಿಯನ್ನಾಗಿ ಮಾಡಿದರು. ನಮ್ಮಲ್ಲಿ ಇದರ ನೆಲೆ ಅರಮನೆಯ ಬ್ಯಾಂಡು. 1949ರಲ್ಲಿ ಬಂಟ್ವಾಳದ ಸಜಿಪಮೂಡದಲ್ಲಿ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕೇಳಿ ಮಾರುಹೋದರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಅಭ್ಯಾಸಮಾಡಿ, ದೀರ್ಘಕಾಲದ ಸಾಧನೆಯಿಂದ, ಕೀಲಿಗಳಿಂದ ಬಂಧಿತವಾದ ಈ ವಾದ್ಯದಲ್ಲಿ ಗಮಕವನ್ನು ಒಲಿಸಿಕೊಂಡರು. 1980ರಲ್ಲಿ ಮುಂಬಯಿಯ ಜಾಸ್ ಯಾತ್ರಾ ಉತ್ಸವದಲ್ಲಿ ಜಾನ್ ಹ್ಯಾಂಡಿಯವರ ಜೊತೆಗೂ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಕಛೇರಿಯಲ್ಲಿಯೂ ನುಡಿಸಿದರು.

ಮಹಾಂತಪ್ಪನವರು ನಡೆದುಬಂದ ದಾರಿ ಇದಕ್ಕೆ ವಿರುದ್ಧವಾದುದು. ಕರ್ನಾಟಕ ಮೂಲದ ಕುಟುಂಬದಲ್ಲಿ 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಇವರಿಗೆ ಸಹಜವಾಗಿ ದೊರೆತದ್ದು ಚಾರ್ಲಿ ಪಾರ್ಕರನ ಪರಂಪರೆ. ಗೋಪಾಲನಾಥರ ಮುದ್ರಿಕೆಯನ್ನು ಅಣ್ಣನೊಬ್ಬನು ವಿನೋದಕ್ಕೆಂದು ಕೊಟ್ಟಾಗಲೇ ಇವರಿಗೆ ಆ ಹೆಸರಿನ ಪರಿಚಯವಾದದ್ದು. 2004ರ ‘ಮದರ್ ಟಂಗ್’ ಮುದ್ರಿಕೆಯಲ್ಲಿ ಭಾರತೀಯ ಭಾಷೆಗಳ ಮಾತಿನ ಏರಿಳಿತಗಳಿಂದಲೇ ರಾಗವಸ್ತುಗಳನ್ನು ಹೆಣೆದರು. ಅವುಗಳಲ್ಲೊಂದರ ಹೆಸರು ‘ಕನ್ನಡ’.

ಆ ಮುದ್ರಿಕೆಯಲ್ಲಿ ವಿಜಯ್ ಅಯ್ಯರ್ ಅವರ ಪಿಯಾನೋ ಪ್ರಮುಖವಾಗಿತ್ತು. ‘ಕಿನ್ಸ್‌ಮೆನ್’ನಲ್ಲಿ ಪಿಯಾನೋ ಇಲ್ಲ. ಈ ಅಭಾವವು ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಅರ್ಥವತ್ತಾದುದು. ಪಿಯಾನೋವಿನ ಮನೆಗಳು ಸ್ಥಿರಸ್ವರದವು. ಸ್ವರದಿಂದ ಸ್ವರಕ್ಕೆ ಜಾರಲು ಅವಕಾಶವಿಲ್ಲ. ದಾವಣಗೆರೆಯ ನಾಟಕ ಕಂಪನಿಗಳು ತಲೆಯ ಮೇಲೆ ಹೊತ್ತು ಮೆರೆಸಿದ ಹಾರ್ಮೋನಿಯಮನ್ನು ಆಕಾಶವಾಣಿಯು 1940ರಿಂದ ಬಹುಕಾಲ ದೂರವಿಟ್ಟದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಅಲ್ಲದೆ ಪಿಯಾನೋ ಏಕಕಾಲಕ್ಕೆ ಹಲವು ಸ್ವರಗಳನ್ನು ಹೂಡಿದರೆ ರಾಗವು ಅವುಗಳ ನೆರಳಿನಲ್ಲಿ ನಡೆಯಬೇಕಾಗುತ್ತದೆ. ಗಿಟಾರಿನ ತಂತಿಯನ್ನಾದರೋ ಎಳೆಯಬಹುದು. ಮಧ್ಯೆ ಮೌನಕ್ಕೂ ಎಡೆಯಿದೆ.

ಹೀಗೆ ತೆರವಾದ ಜಾಗದಲ್ಲಿ ಎರಡು ಸ್ಯಾಕ್ಸೊಫೋನುಗಳ ಭೇದವು ಸ್ಫುಟವಾಗುತ್ತದೆ. ‘ಗಣೇಶ’ ಎಂಬ ಕೃತಿಯಲ್ಲಿ ಇಬ್ಬರೂ ಒಂದೇ ವಸ್ತುವನ್ನು ಕೂಡಿ ನುಡಿಸುತ್ತಾರೆ. ಬೇರ್ಪಟ್ಟ ಮರುಗಳಿಗೆಯಲ್ಲಿಯೇ ಯಾರು ಯಾರೆಂದು ತಿಳಿಯುತ್ತದೆ. ಗೋಪಾಲನಾಥರ ಸ್ವರ ದುಂಡಗೆ, ನಾಗಸ್ವರದ ಉಸಿರನ್ನು ನೆನಪಿಗೆ ತರುವಂತೆ ಬಾಗುತ್ತದೆ; ಮಹಾಂತಪ್ಪನವರ ಸ್ವರ ಹರಿತವಾಗಿ, ರಾಗದ ಎಲ್ಲೆಯನ್ನು ಮೀರಿ ಮರಳುತ್ತದೆ. ಲೋಹ ಒಂದೇ, ವ್ಯಾಕರಣ ಎರಡು. ಕೃತಿಗಳ ನಡುವೆ ಅಳವಡಿಸಿದ ಕಿರು ಆಲಾಪನೆಗಳೂ ಈ ಭೇದವನ್ನು ಮರೆಸದೆ ಎತ್ತಿ ತೋರಿಸುತ್ತವೆ.

ಕೊರತೆಗಳಿಲ್ಲವೆಂದಲ್ಲ. ವೇಗದ ಕೃತಿಗಳಲ್ಲಿ ಡ್ರಮ್ಮಿನ ಆರ್ಭಟದಲ್ಲಿ ಮೃದಂಗದ ಗುಮುಕಿ ಕೆಲವೆಡೆ ಮುಳುಗುತ್ತದೆ. ರಾಗವು ವಿಳಂಬದಲ್ಲಿ ಅರಳಲು ‘ಕಲ್ಯಾಣಿ’ಯಂಥ ಭಾಗಗಳಲ್ಲಿ ದೊರೆತ ಅವಕಾಶ ಬೇರೆಡೆ ಸಾಲದು, ರಚನೆಯ ಚೌಕಟ್ಟು ಬಹುಮಟ್ಟಿಗೆ ಜಾಸ್ ಪಕ್ಷದ್ದೇ ಆಗಿದೆ. ಅಂಥ ಕಡೆಗಳಲ್ಲಿ ಹಿರಿಯ ವಿದ್ವಾಂಸರು ಬಂಧುವಾಗಿರದೆ ಅತಿಥಿಯಾಗಿ ತೋರುತ್ತಾರೆ.

ಆದರೂ ಮುದ್ರಿಕೆಯ ಒಟ್ಟು ಸಾಧನೆ ಹಿರಿದು. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದ ಮೇಲೆ ಇದು ಕೇವಲ ಕಛೇರಿಯ ದಾಖಲೆಯಾಗಿ ಉಳಿದಿಲ್ಲ. ಇತಿಹಾಸದ ವಿದ್ಯಾರ್ಥಿಗೂ ಇದೊಂದು ಆಕರವಾಗಿದೆ. ಪರದೇಶದ ವಾದ್ಯವನ್ನು ತನ್ನ ಮನೆಯ ನಾಗಸ್ವರಕ್ಕೆ ಒಪ್ಪಿಸಿದವರು ಒಬ್ಬರು, ಪರದೇಶದಲ್ಲಿ ಬೆಳೆದು ಅದೇ ವಾದ್ಯದ ಮೂಲಕ ಪೂರ್ವಿಕರ ಮನೆಯನ್ನು ಅರಸಿದವರು ಇನ್ನೊಬ್ಬರು. ಇಬ್ಬರೂ ತಮ್ಮ ತಮ್ಮ ಲಾಂಛನವನ್ನು ಕೆಳಗಿಡದೆಯೇ ಒಂದು ಪೀಠದಲ್ಲಿ ನಿಲ್ಲಬಲ್ಲರೆಂಬುದು ಇಲ್ಲಿ ಸಿದ್ಧವಾಗಿದೆ. ಬೆರೆಸುವುದಕ್ಕೆ ಮೊದಲು ತನ್ನದನ್ನು ಪೂರ್ಣವಾಗಿ ಕಲಿತಿರಬೇಕೆಂಬ ಪಾಠವನ್ನು ನಮ್ಮ ತರುಣ ಕಲಾವಿದರು ಇದರಿಂದ ಗ್ರಹಿಸುವುದು ಲೇಸು.